ಒಲೆಯಿಲ್ಲದ ಅಡುಗೆ

ರಾಮನಗರ
೧೦ ಮಾರ್ಚ್ ೨೦೨೫

ಅಪ್ಪಾ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಹನ್ನೊಂದು ಸಲ ಮಾಡಿ ನೋಡಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ನೀನು ಓದಿಯೇ ಓದುತ್ತೀಯ. ಮೆಣಸು ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಓದದೆ ಬಿಸಾಡಿದವನಲ್ಲ ನೀನು.

ನಾನು ಎಲ್ಲಿದ್ದೇನೆಂದು ಅಶ್ವಥ್ ಹೇಳಿರಬೇಕು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ನಿಖಾತ್ ಎಂಬುವಳ ಮನೆಯ ಮುಂದಿನ ಕೋಣೆಯಲ್ಲಿದ್ದೇನೆ. ನಿಖಾತ್ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದವಳು. ಅವಳ ಜಗಲಿಯ ಮೇಲೆ ಒಂದು ಮೇಜು ಹಾಕಿಕೊಂಡಿದ್ದೇನೆ. ಹನ್ನೊಂದೂವರೆಯಿಂದ ಮೂರು ಗಂಟೆಯವರೆಗೆ ವ್ಯಾಪಾರ.

ಚನ್ನಪಟ್ಟಣದ ಬೀಗರ ಊಟದಲ್ಲಿ ನಡೆದದ್ದನ್ನು ಎತ್ತಬಾರದು ಅಂದುಕೊಂಡಿದ್ದೆ. ಆದರೂ ಒಂದು ಸಲ ಬರೆದುಬಿಡುತ್ತೇನೆ, ನೀನು ಬೇರೆ ರೀತಿ ನೆನಪಿಟ್ಟುಕೊಳ್ಳದ ಹಾಗೆ. ಮೂವತ್ತೈದು ವರ್ಷ ಬಾಡೂಟ ಬೇಯಿಸಿದ ಮರಿಯಪ್ಪನ ಸೌಟು ಮುಂದೆ ಯಾರಿಗೆ ಎಂದು ಮನೆಯ ಯಜಮಾನರು ಕೇಳಿದರು. ಹದಿನೆಂಟು ವರ್ಷದಿಂದ ನಿನ್ನ ಮಸಾಲೆ ಹುರಿದವಳು, ರುಬ್ಬಿದವಳು, ಉಪ್ಪಿನ ಅಳತೆ ಹೇಳಿದವಳು ಪಕ್ಕದಲ್ಲೇ ನಿಂತಿದ್ದೆ. ನೀನು ಸೌಟನ್ನು ಚಿಕ್ಕಪ್ಪನ ಮಗ ಅಶ್ವಥನ ಕೈಗೆ ಕೊಟ್ಟೆ. ನನಗೆ ಯಾಕಿಲ್ಲ ಎಂದು ಕೇಳಿದೆ. ಅಷ್ಟು ಜನರ ಎದುರಿಗೆ ಅಂದೆಯಲ್ಲ: "ಹೆಂಗ್ಸು ದೊಡ್ಡೊಲೆ ಮುಂದೆ ನಿಂತ್ರೆ ಆಗಿಬರಕ್ಕಿಲ್ಲ. ಒಳಕ್ಕೋಗು."

ನಾನು ಒಳಕ್ಕೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋದೆ.

ಸರಿ ಅಪ್ಪಾ. ಒಲೆಯ ಮುಂದೆ ತಾನೇ ಹೆಂಗಸು ನಿಲ್ಲಬಾರದು? ಒಲೆಯೇ ಇಲ್ಲದ ಅಡುಗೆ ಮಾಡುತ್ತೇನೆ. ಇದಕ್ಕೆ ಯಾವ ಶಾಸ್ತ್ರ ಅಡ್ಡ ಬರುತ್ತದೋ ನೋಡೋಣ.

ಮಾಡುವುದು ಇಷ್ಟೇ. ಎಳೆ ಪಾಲಕ್, ಗೋಣಿಸೊಪ್ಪು, ಒಂದು ಹಿಡಿ ಪುದೀನ. ಅರೆಹಣ್ಣಾದ ಪಪ್ಪಾಯ, ಕಲ್ಲಂಗಡಿ, ಸೀಬೆ, ತೋತಾಪುರಿ ಕಾಯಿಯ ತೆಳುಹೋಳು. ಅದರ ಮೇಲೆ ನಿಂಬೆರಸ, ಬೆಲ್ಲದ ನೀರು, ಕುಟ್ಟಿದ ಮೆಣಸು, ಹುರಿದು ಪುಡಿ ಮಾಡಿದ ಹುಚ್ಚೆಳ್ಳು. ಪೇಟೆಯವರು ಸಲಾಡ್ ಅನ್ನುತ್ತಾರೆ. ಇಲ್ಲಿಯ ಹೆಂಗಸರು "ಹಣ್ಣುಸೊಪ್ಪು" ಎಂದು ಹೆಸರಿಟ್ಟಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಬಂದು ನಿಂತು ತಿಂದು, ಬಟ್ಟಲಿನ ತಳದ ರಸವನ್ನೂ ಕುಡಿದು ಹೋಗುತ್ತಾರೆ.

ನಾನು ಚೆನ್ನಾಗಿದ್ದೇನೆ. ವಾಪಸ್ ಬರುವುದಿಲ್ಲ.

ನಿನ್ನ ಮಗಳು,
ಪ್ರತಿಮಾ


ಅಕ್ಕೂರು
೧೯ ಮಾರ್ಚ್

ಪ್ರತಿಮಾ,

ಕಾಗದ ಬಂತು. ಓದಿದೆ.

ಸಂತೆಯಲ್ಲಿ ಈ ವಾರ ಮೂರು ಜನ ನನ್ನನ್ನು ನಿಲ್ಲಿಸಿ ಕೇಳಿದರು. ಒಬ್ಬ ಅಂದ: "ಏನ್ಲಾ ಮರಿಯಪ್ಪ, ನಿನ್ ಮಗ್ಳು ರಾಮನಗರದಲ್ಲಿ ಮೇಕೆ ಮೇಯಿಸ್ತಾವ್ಳೋ, ಜನ ಮೇಯಿಸ್ತಾವ್ಳೋ?" ಉಳಿದವರು ನಕ್ಕರು. ನಾನು ಮೆಣಸಿನಕಾಯಿ ಕೊಳ್ಳದೆ ಮನೆಗೆ ಬಂದೆ.

ಬೆಂದದ್ದು ಊಟ, ಬೇಯದ್ದು ಮೇವು. ನಮ್ಮಪ್ಪ ಹೇಳುತ್ತಿದ್ದ ಮಾತು. ಸೊಪ್ಪು ಹರಿದು ಹಣ್ಣು ಹೆಚ್ಚಿ ಹಾಕುವುದನ್ನು ಅಡುಗೆ ಎಂದು ಕರೆದರೆ, ಹೊಲದಲ್ಲಿ ಕಬ್ಬು ಮುರಿದು ತಿನ್ನುವವರೆಲ್ಲ ಅಡುಗೆಯವರೇ.

ಇನ್ನೊಂದು ಮಾತು. ಒಲೆಯೇ ಇಲ್ಲದ ಅಡುಗೆ ಎಂದು ದೊಡ್ಡದಾಗಿ ಬರೆದಿದ್ದೀಯ. ಹುಚ್ಚೆಳ್ಳನ್ನು ಎಲ್ಲಿ ಹುರಿದೆ? ಅಂಗೈಯಲ್ಲೋ?

ಕೊನೆಯದಾಗಿ, ಸೊಪ್ಪಿಗೆ ಉಪ್ಪು ನಿಂಬೆ ಮೊದಲೇ ಹಾಕಿದರೆ ಅದು ನೀರು ಬಿಟ್ಟು ಸತ್ತುಹೋಗುತ್ತದೆ. ಕಲ್ಲಂಗಡಿ ಅದಕ್ಕಿಂತ ಕಡೆ. ಕೈಗೆ ಕೊಡುವ ಹೊತ್ತಿಗೆ ಹಾಕಬೇಕು. ನಿನಗೆ ಕಲಿಸುತ್ತಿದ್ದೇನೆ ಅಂದುಕೊಳ್ಳಬೇಡ. ತಪ್ಪು ಕಂಡರೆ ಸುಮ್ಮನಿರಲು ನನಗೆ ಆಗುವುದಿಲ್ಲ, ಅಷ್ಟೇ.

ಮನೆ ಬಾಗಿಲು ಹಾಕಿಲ್ಲ. ಬುದ್ಧಿ ಬಂದಾಗ ಬಾ.

ಮರಿಯಪ್ಪ


ರಾಮನಗರ
೨೮ ಮಾರ್ಚ್

ಅಪ್ಪಾ,

ಹುಚ್ಚೆಳ್ಳಿನ ಮಾತು ಸರಿಯಾಗಿ ಹಿಡಿದೆ. ನಿಖಾತಳ ಗ್ಯಾಸ್ ಒಲೆಯ ಮೇಲೆ ಹುರಿದಿದ್ದೆ. ನಿನ್ನ ಕಾಗದ ಬಂದ ದಿನದಿಂದ ಹುಚ್ಚೆಳ್ಳು ನಿಲ್ಲಿಸಿದ್ದೇನೆ. ಅದರ ಬದಲು ಕಡಲೆಬೀಜವನ್ನು ರಾತ್ರಿಯಿಡೀ ನೆನೆಸಿ, ಸಿಪ್ಪೆ ತೆಗೆದು, ಹಸಿಯಾಗಿಯೇ ಹಾಕುತ್ತೇನೆ. ಹಲ್ಲಿಗೆ ಹಾಲು ಬಂದಂತೆ ಸಿಗುತ್ತದೆ. ಮೊದಲಿಗಿಂತ ರುಚಿಯಾಗಿದೆ. ಉಪ್ಪು ನಿಂಬೆಯ ವಿಷಯ ನನಗೆ ಮೊದಲೇ ಗೊತ್ತಿತ್ತು ಎಂದು ಬರೆಯಬೇಕೆಂದಿದ್ದೆ. ಗೊತ್ತಿರಲಿಲ್ಲ. ಈಗ ಕೈಗೆ ಕೊಡುವಾಗಲೇ ಹಿಂಡುತ್ತೇನೆ.

ಮೇವು ಅಂದೆ. ನನ್ನ ಗಿರಾಕಿಗಳು ಯಾರೆಂದು ಕೇಳು. ಈ ಬೀದಿಯ ಹೆಂಗಸರು ಬೆಳಗಿನಿಂದ ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ಹುಡುಕುತ್ತಾರೆ. ಹೊಗೆ, ಆವಿ, ಬೆಂದ ಹುಳುವಿನ ವಾಸನೆ. ಮಧ್ಯಾಹ್ನ ಹೊರಗೆ ಬಂದಾಗ ಅವರ ಬೆರಳು ಬಿಳಚಿ ಸುಕ್ಕುಗಟ್ಟಿರುತ್ತವೆ. ಬಿಸಿ ಸಾರಿನ ತಟ್ಟೆ ಹಿಡಿಯಲೂ ಆಗುವುದಿಲ್ಲ. ಮೊದಲ ದಿನ ನಿಖಾತ್ ನನ್ನ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ತಿನ್ನು ಎಂದೆ. "ತಡಿ ಪ್ರತಿಮಾ, ಮೊದ್ಲು ಕೈ ತಿನ್ಲಿ, ಆಮೇಲೆ ಬಾಯಿ" ಅಂದಳು.

ನಿನ್ನ ಬಾಡೂಟ ತಿಂದವರು ಹೊಟ್ಟೆ ಸವರಿಕೊಳ್ಳುವುದನ್ನು ಹದಿನೆಂಟು ವರ್ಷ ನೋಡಿದ್ದೇನೆ. ಊಟಕ್ಕೆ ಮೊದಲೇ ಒಬ್ಬರ ಮುಖ ಹಾಗೆ ತಣ್ಣಗಾಗುವುದನ್ನು ಇಲ್ಲೇ ನೋಡಿದ್ದು.

ಸಂತೆಯಲ್ಲಿ ಕೇಳಿದವನಿಗೆ ಹೇಳು, ಜನರನ್ನೇ ಮೇಯಿಸುತ್ತಾಳೆ ಎಂದು. ನಾಚಿಕೆಯೇನಿಲ್ಲ. ನಾನು ಮದುವೆ ಬೇಡ ಎಂದಾಗ ಊರೆಲ್ಲ ನಕ್ಕಿತ್ತು. ಆಗ ಬಾಗಿಲಲ್ಲಿ ನಿಂತು "ನನ್ ಮಗ್ಳು, ನನ್ ಮನೆ, ನಿಮ್ದೇನು?" ಎಂದವನು ನೀನೇ. ಅವನು ಈಗ ಎಲ್ಲಿ ಹೋದ?

ಬುದ್ಧಿ ಬಂದಿದೆ. ಅದಕ್ಕೇ ಬರುತ್ತಿಲ್ಲ.

ಪ್ರತಿಮಾ


ರಾಮನಗರ
೧೨ ಏಪ್ರಿಲ್

ಅಪ್ಪಾ,

ಬೇರೆ ಯಾರಿಂದಲೋ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ನನ್ನ ಕೈಯಿಂದ ತಿಂದು ನಾಲ್ಕು ಜನ ಮಲಗಿದರು.

ಮಂಗಳವಾರ ನಲ್ಲಿಯಲ್ಲಿ ನೀರು ಬರಲಿಲ್ಲ. ಗಿರಾಕಿಗಳು ಆಗಲೇ ಬಂದು ನಿಂತಿದ್ದರು. ಹಿತ್ತಲಿನ ಡ್ರಮ್ಮಿನಲ್ಲಿ ಎಂದೋ ತುಂಬಿಟ್ಟ ನೀರಿತ್ತು. ಅದು ಪಾತ್ರೆ ತೊಳೆಯಲು ಇಟ್ಟದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸೊಪ್ಪನ್ನು ಅದರಲ್ಲೇ ಜಾಲಿಸಿದೆ. ಸಂಜೆಯ ಹೊತ್ತಿಗೆ ವಾಂತಿ ಭೇದಿ ಶುರುವಾಯಿತು. ಮೂವರು ಮಾರನೆಯ ದಿನಕ್ಕೆ ಎದ್ದರು. ನಿಖಾತ್ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಈಗ ಮನೆಗೆ ಬಂದಿದ್ದಾಳೆ. ಗಂಜಿ ಕುಡಿಯುತ್ತಾಳೆ.

ಬೀದಿಯವರು ಮೇಜು ಎತ್ತಿಸಿದರು. ನಿಖಾತಳ ತಂಗಿ ಶಬ್ನಮ್ ನನ್ನ ಮುಖ ನೋಡುತ್ತಿಲ್ಲ. ಅವಳು ನೋಡದಿರುವುದೇ ಸರಿ.

ನೀನು ಈಗ ನಗಬಹುದು. ಬೇಯದ್ದು ಮೇವು ಎಂದು ಹೇಳಿದ್ದೆನಲ್ಲ ಅನ್ನಬಹುದು. ಆದರೆ ಇದನ್ನು ಬಿಟ್ಟು ಬರುತ್ತೇನೆ ಎಂದು ತಿಳಿಯಬೇಡ. ತಪ್ಪು ಸೊಪ್ಪಿನದಲ್ಲ, ನನ್ನದು. ನನ್ನ ತಪ್ಪನ್ನು ನಾನು ಇಲ್ಲೇ ನಿಂತು ತೊಳೆದುಕೊಳ್ಳುತ್ತೇನೆ.

ಇನ್ನೊಂದು. ಆಸ್ಪತ್ರೆಯಲ್ಲಿ ನಿಖಾತ್ ಮಲಗಿದ್ದಾಗ ಅವಳ ಬಲಗೈ ಹಾಸಿಗೆಯ ಮೇಲೆ ಅಂಗಾತ ಬಿದ್ದಿತ್ತು. ಎರಡು ವರ್ಷದ ಹಿಂದೆ ಕುದಿನೀರು ಚೆಲ್ಲಿ ಮಣಿಕಟ್ಟಿನವರೆಗೆ ಸುಟ್ಟಿದೆಯಂತೆ. ಚರ್ಮ ನುಣ್ಣಗೆ, ಹೊಳೆಯುವ ಹಾಗೆ. ಅವ್ವನ ಕೈ ಥೇಟ್ ಹಾಗೇ ಇತ್ತು. ಸ್ನಾನದ ಹಂಡೆಯ ನೀರು ಬಿತ್ತು ಎಂದು ಅವ್ವ ಹೇಳುತ್ತಿದ್ದಳು. ಹಂಡೆಯ ನೀರು ಎಷ್ಟೇ ಕಾದರೂ ಅಷ್ಟು ಸುಡುತ್ತದೆಯೇ ಅಪ್ಪಾ? ಇಷ್ಟು ವರ್ಷ ನನಗೆ ಯಾಕೆ ಈ ಅನುಮಾನ ಬರಲಿಲ್ಲವೋ. ಅವಳು ಹೋಗಿ ಆರು ವರ್ಷವಾಯಿತು, ಅವಳನ್ನು ಕೇಳುವ ಹಾಗಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ.

ಪ್ರತಿಮಾ


ಅಕ್ಕೂರು
೧೭ ಏಪ್ರಿಲ್

ಪ್ರತಿಮಾ,

ನಗಲಿಲ್ಲ. ಐವತ್ತು ವರ್ಷ ಅಡುಗೆಯ ಜೊತೆ ಬದುಕಿದವನು ಇದಕ್ಕೆ ನಗುವುದಿಲ್ಲ. ಒಂದು ಸಲವೂ ಯಾರನ್ನೂ ಮಲಗಿಸದ ಅಡುಗೆಯವನು ಇದ್ದರೆ ಅವನು ಸುಳ್ಳು ಹೇಳುತ್ತಿದ್ದಾನೆ.

ಕೇಳು. ನನ್ನ ಅಡುಗೆಯಲ್ಲಿ ಕೊಳೆಯನ್ನು ಬೆಂಕಿ ಕೊಲ್ಲುತ್ತದೆ. ನಾನು ಅರ್ಧ ತೊಳೆದರೂ ಉಳಿದರ್ಧವನ್ನು ಅದು ನೋಡಿಕೊಳ್ಳುತ್ತದೆ. ನಿನ್ನ ಅಡುಗೆಯಲ್ಲಿ ಬೆಂಕಿಯಿಲ್ಲ. ಬೆಂಕಿ ಮಾಡುವ ಕೆಲಸವನ್ನು ನೀರು ಮಾಡಬೇಕು. ಆದ್ದರಿಂದ ತೊಳೆಯುವುದೇ ನಿನ್ನ ಒಲೆ. ನಾನು ಒಲೆ ಬಿಟ್ಟು ಆಚೀಚೆ ಹೋಗುತ್ತಿದ್ದೆನೇ? ನೀನೂ ಹೋಗಬೇಡ.

ಹಿಂದಿನ ದಿನವೇ ನೀರು ಕುದಿಯುವ ಹಾಗೆ ಮಳ್ಳಿಸಿ, ಆರಿಸಿ ಮುಚ್ಚಿಡು. ಇದಕ್ಕೆ ಒಲೆ ಬೇಕು, ಹಟ ಮಾಡಬೇಡ. ಸೊಪ್ಪಿನ ಬೇರು, ಮಣ್ಣು, ಕೊಳೆತ ಎಲೆ ಮೊದಲು ತೆಗೆದುಬಿಡು. ಮೂರು ಪಾತ್ರೆ ಇಟ್ಟುಕೋ. ಒಂದರಲ್ಲಿ ಉಪ್ಪುನೀರು, ಸ್ವಲ್ಪ ಹೊತ್ತು ಮುಳುಗಿಸಿಡು, ಹುಳು ಇದ್ದರೆ ಮೇಲೆ ಬರುತ್ತದೆ. ಎರಡನೆಯದರಲ್ಲಿ ಜಾಲಿಸು. ಮೂರನೆಯದರಲ್ಲಿ ಮತ್ತೆ ಜಾಲಿಸು. ಮೂರಕ್ಕೂ ಮಳ್ಳಿಸಿದ ನೀರೇ ಆಗಬೇಕು. ನೀರು ಬಗ್ಗಿಸಿ ಸೊಪ್ಪು ತೆಗೆಯಬೇಡ, ಸೊಪ್ಪನ್ನು ಎತ್ತಿ ತೆಗೆ, ಮಣ್ಣು ಕೆಳಗೇ ಉಳಿಯಲಿ. ಒಗೆದ ಬಿಳಿ ಬಟ್ಟೆಯ ಮೇಲೆ ನೆರಳಲ್ಲಿ ಹರವು. ಹಣ್ಣನ್ನು ಇಡಿಯಾಗಿ ತೊಳೆ, ಆಮೇಲೆ ಕೊಯ್ಯಿ. ಕೊಯ್ದದ್ದು ಹೊತ್ತು ಕಳೆದರೆ ಚೆಲ್ಲು. ಚೆಲ್ಲಲು ಹೊಟ್ಟೆ ಉರಿದರೆ ಈ ಕೆಲಸ ಬಿಡು.

ಕೈ ವಿಷಯ ಕೇಳಿದ್ದೀಯ. ಅದಕ್ಕೆ ಇನ್ನೊಂದು ಕಾಗದ ಬೇಕು.

ಮರಿಯಪ್ಪ


ರಾಮನಗರ
೨೪ ಏಪ್ರಿಲ್

ಅಪ್ಪಾ,

ಮೂರು ಸ್ಟೀಲ್ ಪಾತ್ರೆ ತಂದೆ. ಸೋಮವಾರ ಬೀದಿಯ ಹೆಂಗಸರನ್ನೆಲ್ಲ ಕರೆದು, ಅವರ ಎದುರಿಗೇ ನೀನು ಬರೆದ ಹಾಗೆ ತೊಳೆದೆ. ಬಟ್ಟಲಿಗೆ ಹಾಕಿ ಮೊದಲು ನಾನು ತಿಂದೆ. ಎರಡನೆಯ ಬಟ್ಟಲಿಗೆ ಕೈ ಚಾಚಿದವಳು ನಿಖಾತ್. ಶಬ್ನಮ್ ಅವಳ ತೋಳು ಹಿಡಿದು ಎಳೆದಳು. "ಅಕ್ಕಾ, ಮತ್ತೆ ಸಾಯ್ತೀಯಾ?" ಎಂದಳು. ನಿಖಾತ್ ಬಟ್ಟಲು ಬಿಡಲಿಲ್ಲ. "ಗೂಡಿನ ನೀರಲ್ಲಿ ದಿನಾ ಸಾಯ್ತೀನಿ, ಆಗ ನನ್ನ ತೋಳು ಯಾರೂ ಎಳ್ಯಲ್ಲ" ಎಂದು ತಿಂದುಬಿಟ್ಟಳು.

ಅವಳು ತಿಂದ ಮೇಲೆ ನನಗೆ ಎರಡು ದಿನ ನಿದ್ದೆ ಬರಲಿಲ್ಲ. ಅವಳಿಗೆ ಏನೂ ಆಗಲಿಲ್ಲ. ಇಂದು ಹದಿನಾಲ್ಕು ಜನ ಬಂದಿದ್ದರು. ಶಬ್ನಮ್ ಬಂದಿಲ್ಲ, ಆದರೆ ಕೊಡಪಾನದಲ್ಲಿ ನೀರು ತಂದಿಟ್ಟು ಹೋದಳು.

ಇನ್ನೊಂದು ಕಾಗದ ಎಲ್ಲಿ?

ಪ್ರತಿಮಾ


ಅಕ್ಕೂರು
೨೯ ಏಪ್ರಿಲ್

ಪ್ರತಿಮಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯದೆ ಕಳಿಸುತ್ತೇನೆ.

ನಿನಗೆ ಆಗ ಹನ್ನೊಂದು ವರ್ಷ. ನಿನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ನಾವು ಉಯ್ಯಂಬಳ್ಳಿಗೆ ಹೋಗಿದ್ದೆವು. ಚಲುವಯ್ಯ ಎಂಬ ದೊಡ್ಡ ರೈತರ ಮನೆ, ಮಗನ ಮದುವೆಯ ಬೀಗರ ಊಟ. ನಾನು ಸ್ವಂತವಾಗಿ ಒಪ್ಪಿಕೊಂಡ ಮೊದಲ ದೊಡ್ಡ ಊಟ ಅದು. ಹಿಂದಿನ ದಿನ ಜನ ಸಿಕ್ಕರು, ಕುಡಿದೆ. ಎಚ್ಚರವಾದಾಗ ಹುಲ್ಲಿನ ಮೆದೆಯ ಪಕ್ಕ ಬಿದ್ದಿದ್ದೆ. ಬಿಸಿಲು ನೆತ್ತಿಗೆ ಬರುತ್ತಿತ್ತು.

ಓಡಿ ಹೋಗಿ ನೋಡಿದರೆ ಒಲೆಗಳು ಉರಿಯುತ್ತಿದ್ದವು. ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿತ್ತು. ನಿನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೌಟು ತಿರುಗಿಸುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಎದ್ದು, ನನ್ನನ್ನು ಎಬ್ಬಿಸಲು ನೋಡಿ, ಆಗದೆ, ಎಲ್ಲವನ್ನೂ ತಾನೇ ಮಾಡಿದ್ದಳು. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅಷ್ಟು ಜನ ನೋಡುತ್ತಿದ್ದರು. "ಬುಡು, ನನ್ನೊಲೆ ಇದು" ಎಂದು ಕೂಗಿ, ಕೊಪ್ಪರಿಗೆಯ ಕಡಗ ಹಿಡಿದು ನನ್ನ ಕಡೆಗೆ ಎಳೆದೆ. ಅಮಲು ಇನ್ನೂ ಇಳಿದಿರಲಿಲ್ಲ. ಕೊಪ್ಪರಿಗೆ ವಾಲಿತು. ಸಾರು ಅವಳ ಬಲಗೈಯ ಮೇಲೆ ಬಿತ್ತು.

ಯಾರೋ ಹಿಂದಿನಿಂದ ಅಂದರು, ಹೆಂಗಸು ದೊಡ್ಡ ಒಲೆ ಮುಂದೆ ನಿಂತದ್ದಕ್ಕೇ ಹೀಗಾಯಿತೇನೋ ಎಂದು. ನಾನು ಆ ಮಾತನ್ನು ಹಿಡಿದುಕೊಂಡೆ. ಮುಳುಗುವವನು ಹಗ್ಗ ಹಿಡಿದ ಹಾಗೆ. "ಬ್ಯಾಡ ಅಂದ್ರೂ ಕೇಳ್ದೆ ಬಂದ್ಬುಟ್ಲು" ಎಂದೆ. ಊಟ ನಡೆಯಿತು. ಉಳಿದ ಸಾರನ್ನು ನಾನು ಬಡಿಸಿದೆ. ಎಲ್ಲರೂ ಮರಿಯಪ್ಪನ ಕೈರುಚಿ ಎಂದರು. ಆ ಊಟದಿಂದಲೇ ನನಗೆ ಹೆಸರು ಬಂದದ್ದು.

ನಮ್ಮ ಸೀಮೆಯಲ್ಲಿ ಆ ಶಾಸ್ತ್ರ ಇರಲೇ ಇಲ್ಲ ಪ್ರತಿಮಾ. ಅವತ್ತು ನಾನು ಹುಟ್ಟಿಸಿದ್ದು. ಹೇಳಿ ಹೇಳಿ ನನಗೇ ನಿಜ ಅನ್ನಿಸಿಬಿಟ್ಟಿತ್ತು. ಮತ್ತೆ ಕುಡಿಯಲಿಲ್ಲ. ಅವಳನ್ನು ಮತ್ತೆ ದೊಡ್ಡೊಲೆಗೂ ಬಿಡಲಿಲ್ಲ. ಹಂಡೆಯ ನೀರು ಎಂದು ನಿನಗೆ ಹೇಳಿದ್ದು ಅವಳೇ. ಹೇಳು ಎಂದು ನಾನು ಕೇಳಿರಲಿಲ್ಲ.

ನಿನ್ನಪ್ಪ


ರಾಮನಗರ
೨ ಮೇ

ಅಪ್ಪಾ,

ಈ ಕಾಗದಕ್ಕೆ ಸಮಾಧಾನದ ಉತ್ತರ ಬಯಸಿದ್ದರೆ ಅದು ನನ್ನ ಹತ್ತಿರ ಇಲ್ಲ.

ನೀನು ಹೆದರಿಕೊಂಡು ನನ್ನನ್ನು ಒಲೆಗೆ ಬಿಡಲಿಲ್ಲ ಎಂದಿದ್ದರೆ ಅರ್ಥವಾಗುತ್ತಿತ್ತು. ನಿನಗೆ ಆದದ್ದು ಹೆದರಿಕೆಯಲ್ಲ, ನಾಚಿಕೆ. ನಿನ್ನ ನಾಚಿಕೆಗೆ ಶಾಸ್ತ್ರದ ಹೆಸರಿಟ್ಟು ಮೊದಲು ಅವ್ವನ ತಲೆಗೆ ಕಟ್ಟಿದೆ, ಆಮೇಲೆ ನನ್ನ ತಲೆಗೆ. ಅವ್ವ ಆ ಸುಟ್ಟ ಕೈಯಲ್ಲೇ ಇಪ್ಪತ್ತೊಂದು ವರ್ಷ ನಿನಗೆ ಮುದ್ದೆ ತೊಳಸಿದಳು. ನೀನು ತಿಂದೆ.

ಅವಳು ನನ್ನಿಂದ ಯಾಕೆ ಮುಚ್ಚಿಟ್ಟಳೋ ಗೊತ್ತಿಲ್ಲ. ನಿನ್ನ ಮಾನ ಕಾಯಲು ಎಂದು ನೀನು ಅಂದುಕೊಂಡಿರಬಹುದು. ನಾನು ನಿನ್ನ ಜೊತೆ ಕೆಲಸ ಕಲಿಯಲಿ, ಅಪ್ಪನ ಮೇಲೆ ಸಿಟ್ಟಾಗಿ ಕೈ ಬಿಡದಿರಲಿ ಎಂದಿರಲೂಬಹುದು. ನಾನು ಹಾಗೆಯೇ ಅಂದುಕೊಳ್ಳುತ್ತೇನೆ.

ನನಗೆ ಬರೆದರೆ ಸಾಲದು. ಸುಳ್ಳು ಹೇಳಿದ್ದು ಉಯ್ಯಂಬಳ್ಳಿಯಲ್ಲಿ, ನನ್ನ ಹತ್ತಿರ ಅಲ್ಲ. ಚಲುವಯ್ಯನವರು ಇದ್ದಾರೋ ಇಲ್ಲವೋ, ಆ ಮನೆ ಇದೆ ತಾನೇ? ಅಲ್ಲಿಗೆ ಹೋಗು. ಆ ಜನರ ಎದುರಿಗೆ, ಅವತ್ತು ಬೇಯಿಸಿದ್ದು ಬೋರಮ್ಮ ಎಂದು ಹೇಳು. ಹೆಸರು ಹೇಳು. "ನನ್ನ ಹೆಂಡತಿ" ಅಂದು ಮುಗಿಸಬೇಡ.

ನೀನು ಹೋಗದಿದ್ದರೆ ನಾನೇ ಹೋಗುತ್ತೇನೆ. ಕನಕಪುರದಿಂದ ಬಸ್ಸಿದೆ ಎಂದು ವಿಚಾರಿಸಿದ್ದೇನೆ.

ಪ್ರತಿಮಾ


ಅಕ್ಕೂರು
೬ ಮೇ

ಪ್ರತಿಮಾ,

ಹೋಗಿ ಬಂದೆ.

ನಿನ್ನ ಕಾಗದ ನೋಡಿ ಎರಡು ದಿನ ಸಿಟ್ಟಿನಲ್ಲೇ ಇದ್ದೆ. ಅರವತ್ತೆಂಟು ವರ್ಷದವನ ಮಾನವನ್ನು ಮಗಳೇ ಕಳೆಯುತ್ತಾಳೆ ಎಂದುಕೊಂಡೆ. ಮೂರನೆಯ ದಿನ ಬೆಳಗ್ಗೆ ಬಸ್ ಹತ್ತಿದೆ.

ಚಲುವಯ್ಯನವರು ಇದ್ದಾರೆ. ಎಂಬತ್ತು ದಾಟಿದೆ. ಜಗಲಿಯಲ್ಲಿ ಕೂತಿದ್ದರು, ನಾಲ್ಕು ಜನ ನೆಂಟರೂ ಇದ್ದರು. ನಿಂತುಕೊಂಡೇ ಹೇಳಿದೆ. ಅವತ್ತು ಬೇಯಿಸಿದ್ದು ಬೋರಮ್ಮ, ನಾನಲ್ಲ, ಅವಳ ಕೈ ಸುಟ್ಟದ್ದೂ ನನ್ನಿಂದ ಎಂದೆ.

"ಗೊತ್ತಿತ್ತು ಕಣ್ಲಾ ಮರಿಯಪ್ಪ" ಅಂದರು. "ನೀನು ಮೆದೆ ತಾವ ಬಿದ್ದಿದ್ದೆ. ಒಲೆಗೆ ಸೌದೆ ತುಂಬ್ದೋನು ನಾನೇ ಅಲ್ವಾ? ಆ ರುಚಿ ಆಮೇಕೆ ನಿನ್ ಕೈಲಿ ಒಂದ್ ದಪಾನೂ ಬರ್ನಿಲ್ಲ."

"ಮತ್ಯಾಕೆ ಬುದ್ಧಿ ಯಾರೂ ಬಾಯಿ ಬುಡ್ನಿಲ್ಲ?" ಎಂದೆ.

"ನಿನ್ ಹೆಂಡ್ರು ಬ್ಯಾಡ ಅಂದ್ಲು. ನಾವು ಸುಮ್ಕಾದೋ. ನಾವೂ ತಪ್ಪೇ ಮಾಡ್ದೋ."

ಇಪ್ಪತ್ತೇಳು ವರ್ಷ ನಾನು ಬಚ್ಚಿಟ್ಟದ್ದು ಯಾರಿಂದ ಎಂದು ಯೋಚಿಸಿದೆ. ನಿನ್ನೊಬ್ಬಳಿಂದ.

ಹನ್ನೊಂದನೇ ತಾರೀಖು ಭಾನುವಾರ ಅವರ ಮೊಮ್ಮಗಳ ಬೀಗರ ಊಟ. ಐನೂರು ಎಲೆ. ಬಾಡು ನಮಗೆ ಒಪ್ಪಿಸಿದ್ದಾರೆ. ಹೊರಡುವಾಗ ಅಂದರು: "ಈ ಬಿಸ್ಲಲ್ಲಿ ಬರೀ ಬಾಡು ತಿಂದ್ರೆ ಜನ ಬಿದ್ದೋಯ್ತಾರೆ. ನಿನ್ ಮಗ್ಳು ಅದೇನೋ ತಣ್ಣಗಿರೋದು ಮಾಡ್ತಾಳಂತಲ್ಲ, ಬರಕ್ಕೇಳು. ವೀಳ್ಯ ಅವಳ ಕೈಗೇ ಕೊಡ್ತೀನಿ."

ನಾನು ಕರೆಯುತ್ತಿಲ್ಲ. ಅವರು ಕರೆಯುತ್ತಿದ್ದಾರೆ. ಮಳ್ಳಿಸಿ ಆರಿಸಿದ ನೀರು ಎರಡು ದೊಡ್ಡ ಕೊಪ್ಪರಿಗೆಯಷ್ಟು ಸಿದ್ಧ ಇರುತ್ತದೆ. ಅದನ್ನು ಮಾತ್ರ ನಾನು ನೋಡಿಕೊಳ್ಳುತ್ತೇನೆ.

ನಿನ್ನಪ್ಪ


ರಾಮನಗರ
೨೬ ಮೇ

ಅಪ್ಪಾ,

ಎರಡು ವಾರ ಬರೆಯಲಿಲ್ಲ. ಉಯ್ಯಂಬಳ್ಳಿಯ ಊಟದ ದಿನ ನೀನು ಸೌಟು ಚಾಚಿದಾಗ ನಾನು ಕೈ ಚಾಚಲಿಲ್ಲ. ಅದಕ್ಕೆ ನಿನಗೆ ಬೇಜಾರಾಗಿದೆ ಎಂದು ಅಶ್ವಥ್ ಹೇಳಿದ. ಆ ಮಾತಿಗೆ ಬರುತ್ತೇನೆ. ಮೊದಲು ಪಂಕ್ತಿಯಲ್ಲಿ ನಡೆದದ್ದು ಹೇಳಬೇಕು. ನೀನು ಹಿಂದೆ ಒಲೆಯ ಹತ್ತಿರ ಇದ್ದೆ, ನಿನಗೆ ಕಾಣಲಿಲ್ಲ.

ಬೆಳಗ್ಗೆ ಚಲುವಯ್ಯನವರು ವೀಳ್ಯ ಕೊಟ್ಟಾಗ "ಅಡಿಗೆಯವ್ರೇ, ತಕ್ಕಳಿ" ಎಂದರು. ಮಗಳೇ ಎನ್ನಲಿಲ್ಲ, ತಾಯಿ ಎನ್ನಲಿಲ್ಲ, ಅಡಿಗೆಯವರೇ ಎಂದರು. ನಿಖಾತ್, ಶಬ್ನಮ್, ನಾನು ಮೂವರೂ ಸೊಪ್ಪು ತೊಳೆದೆವು. ಪ್ರತಿ ಕಂತೆಗೂ ಮೂರು ನೀರು. ಶಬ್ನಮ್ ಮೂರನೆಯ ಪಾತ್ರೆಯ ತಳದಲ್ಲಿ ಮಣ್ಣಿನ ಒಂದು ಕಣ ಕಂಡರೂ ನನ್ನ ಕೈಯಿಂದ ಸೊಪ್ಪು ಕಿತ್ತು ಮತ್ತೆ ಮುಳುಗಿಸುತ್ತಿದ್ದಳು. ಅವಳಷ್ಟು ನಂಬದವಳು ಜೊತೆಯಲ್ಲಿ ಇರಬೇಕು ಅಪ್ಪಾ, ಅಡುಗೆ ಕೆಡುವುದಿಲ್ಲ. ಹಣ್ಣನ್ನು ಜನ ಎಲೆಯ ಮುಂದೆ ಕೂತ ಮೇಲೆಯೇ ಕೊಯ್ದೆವು. ನಿಂಬೆ ಹಿಂಡಿದ್ದು ಎಲೆಗೆ ಬಿದ್ದ ಮೇಲೆ.

ಮೊದಲ ಪಂಕ್ತಿಯಲ್ಲಿ ಬಿಳಿ ಷರಟಿನ ಒಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಗಟ್ಟಿಯಾಗಿ ಅಂದರು: "ಬಾಡೂಟಕ್ಕೆ ಕರ್ದು ದನದ ಮೇವು ಹಾಕ್ತೀರೇನಮ್ಮೋ?" ಸುತ್ತಲಿನವರು ನಕ್ಕರು. ನನ್ನ ಕೈಯಲ್ಲಿ ಬಕೆಟ್ಟಿತ್ತು. "ಬ್ಯಾಡದವ್ರು ಎಲೆ ಮಡಚ್ಕೊಂಡು ಎದ್ದೋಗಿ ಸಾಮಿ. ಬಿಸ್ಲಲ್ಲಿ ಕಾಯ್ತಾ ನಿಂತವ್ರಿಗೆ ಜಾಗ ಆಯ್ತದೆ" ಎಂದೆ. ನಗು ನಿಂತಿತು. ಅವರು ಏಳಲಿಲ್ಲ. ನಾನು ಅವರ ಎಲೆಗೆ ಬಡಿಸಲೂ ಇಲ್ಲ. ಮುಂದಿನ ಎಲೆಗೆ ಹೋದೆ. ಎರಡನೆಯ ಸಲ ಬಂದಾಗ ಅವರೇ ಬೆರಳಿನಿಂದ ಎಲೆಯ ಮೂಲೆ ತೋರಿಸಿದರು. ಬಾಯಿ ತೆರೆದು ಕೇಳಿ ಎಂದೆ. ಕೇಳಿದರು.

ಹೆಂಗಸರ ಸಾಲಿನ ಕೊನೆಯಲ್ಲಿ ಚಲುವಯ್ಯನವರ ಹೆಂಡತಿ ನಾಗಲಕ್ಷ್ಮಮ್ಮ ಕೂತಿದ್ದರು. ಹಲ್ಲಿಲ್ಲ. ಪಪ್ಪಾಯದ ಹೋಳು, ಎಳೆಸೊಪ್ಪು ಎರಡನ್ನೂ ಕಿವುಚಿ ಕಿವುಚಿ ತಿಂದು, ಇನ್ನೊಂದಿಷ್ಟು ಹಾಕು ಎಂದರು. ಬಗ್ಗಿ ಬಡಿಸುವಾಗ ನನ್ನ ಬಲಗೈ ಹಿಡಿದುಕೊಂಡರು. ತಿರುಗಿಸಿ ನೋಡಿದರು.

"ನಿಮ್ಮವ್ವನ ಕೈಗೆ ಅವತ್ತು ಲೋಳೆಸರ ಹಚ್ಚಿದ್ದು ನಾನೇ ಕಣವ್ವ" ಅಂದರು. "ಚರ್ಮ ಸುಲ್ಕೊಂಡ್ ಬರ್ತಿತ್ತು. ಅವಳು ಅಳ್ನಿಲ್ಲ. ಗಂಡನ್ನ ಬೈಯ್ನಿಲ್ಲ. ನನ್ನ ರೆಟ್ಟೆ ಹಿಡ್ಕಂಡು ಏನಂದ್ಲು ಗೊತ್ತಾ? 'ಎಲ್ಡನೇ ಕೊಪ್ಪರಿಗೆಗೆ ಉಪ್ಪು ಹಾಕಿಲ್ಲ ಕಣಕ್ಕ. ಅವ್ರಿಗೆ ಗೊತ್ತಿಲ್ಲ. ಯಾರಾನ ಹೋಗಿ ಹಾಕಿ' ಅಂದ್ಲು."

ಅಪ್ಪಾ, ನಾನು ಬಕೆಟ್ ಕೆಳಗಿಟ್ಟು ಚಪ್ಪರದ ಕಂಬ ಹಿಡಿದು ನಿಂತೆ. ನಿಖಾತ್ ಬಂದು ಬಕೆಟ್ ತೆಗೆದುಕೊಂಡು ಉಳಿದ ಸಾಲಿಗೆ ಬಡಿಸಿದಳು.

ಹೆಂಡತಿಯಾಗಿ, ತಾಯಿಯಾಗಿ ಅವಳು ಏನೇನು ನುಂಗಿದಳೋ ನನಗೆ ಗೊತ್ತಿಲ್ಲ. ಆದರೆ ಕೈ ಬೆಂದು ಹೋಗುತ್ತಿದ್ದಾಗಲೂ ಅವಳು ಅಡುಗೆಯವಳಾಗಿದ್ದಳು. ಅದನ್ನು ನೀನು ಅವಳಿಂದ ಕಿತ್ತುಕೊಂಡೆ. ಇದಕ್ಕೆ ನನಗೆ ಕ್ಷಮೆ ಕೊಡಲು ಬರುವುದಿಲ್ಲ, ಕೊಡಬೇಕಾದವಳು ಇಲ್ಲ.

ಈಗ ಸೌಟಿನ ಮಾತು. ಊಟವೆಲ್ಲ ಮುಗಿದ ಮೇಲೆ ನೀನು ಎಲ್ಲರೆದುರು ಅಶ್ವಥನ ಕೈಯಿಂದ ಸೌಟು ತೆಗೆದು ನನ್ನ ಕಡೆ ಚಾಚಿದೆ. ಅಶ್ವಥನ ಮುಖ ನೋಡಿದೆಯಾ? ಫೆಬ್ರವರಿಯಲ್ಲಿ ನನ್ನ ಮುಖ ಹಾಗೇ ಇತ್ತು. ಮೂರು ತಿಂಗಳಿಂದ ಅವನು ಬೆಂಕಿಯ ಮುಂದೆ ನಿಂತು ಕಲಿತಿದ್ದಾನೆ. ಅವತ್ತಿನ ಸಾರು ಚೆನ್ನಾಗಿತ್ತು. ಅವನಿಂದ ಕಿತ್ತು ನನಗೆ ಕೊಟ್ಟರೆ ನಿನ್ನ ಮನಸ್ಸು ಹಗುರವಾಗಬಹುದು. ನನಗೆ ನ್ಯಾಯ ಸಿಕ್ಕ ಹಾಗಲ್ಲ. ಅವನಿಗೇ ಇರಲಿ. ನನಗೆ ಬೇಕಾದರೆ ನನ್ನ ಸೌಟನ್ನು ನಾನೇ ಮಾಡಿಸಿಕೊಳ್ಳುತ್ತೇನೆ.

ನೀನು ಮಾಡಬೇಕಾದ ಕೆಲಸ ಬೇರೆ ಇದೆ. ನೀನು ಹುಟ್ಟಿಸಿದ ಸುಳ್ಳು ಉಯ್ಯಂಬಳ್ಳಿಯಲ್ಲಿ ಮಾತ್ರ ಉಳಿದಿಲ್ಲ. ಹಾರೋಹಳ್ಳಿ ಕಡೆ, ಮಾಗಡಿ ಕಡೆ ಎಷ್ಟು ಅಡುಗೆಯವರು ನಿನ್ನ ಕೈಕೆಳಗೆ ಕಲಿತು ಹೋದರು? ಅವರೆಲ್ಲ ಅದನ್ನೇ ಹೇಳುತ್ತಿದ್ದಾರೆ, ತಮ್ಮ ಹೆಂಡಿರಿಗೆ, ಹೆಣ್ಣುಮಕ್ಕಳಿಗೆ. ಒಬ್ಬೊಬ್ಬರ ಹತ್ತಿರವೂ ಹೋಗು. ಬಸ್ ಇದೆ, ಕಾಲು ಗಟ್ಟಿಯಿದೆ. ಹೋಗಿ ಹೇಳು.

ಇಲ್ಲಿ ಮಳೆ ಶುರುವಾಗಿದೆ. ಮಳೆಗಾಲದಲ್ಲಿ ಹಸಿಸೊಪ್ಪು ಯಾರು ತಿನ್ನುತ್ತಾರೆ, ಮೇಜು ತೆಗಿ ಎಂದು ಬೀದಿಯಲ್ಲಿ ಕೆಲವರು ಹೇಳಿದರು. ನಿನ್ನೆ ಜಗಲಿಗೆ ಟಾರ್ಪಾಲ್ ಕಟ್ಟಿಸಿದೆ. ಹೊರಗೆ ಮಳೆ ಬಂದರೂ ಒಳಗೆ ಗೂಡು ಬೇಯಿಸುವ ನೀರು ತಣ್ಣಗಾಗುವುದಿಲ್ಲ, ಆ ಕೈಗಳಿಗೆ ವರ್ಷವೆಲ್ಲ ಬೇಸಿಗೆಯೇ. ತೋತಾಪುರಿ ಕಾಯಿ ಹಣ್ಣಾಗತೊಡಗಿತು, ನೇರಳೆಹಣ್ಣು ಬರುತ್ತಿದೆ. ಇವತ್ತು ಅದನ್ನು ಪುದೀನದ ಜೊತೆ ಹಾಕಿ ನೋಡಿದೆ. ಶಬ್ನಮ್ ಎರಡು ಬಟ್ಟಲು ತಿಂದು, ನಾಲಿಗೆ ನೀಲಿ ಮಾಡಿಕೊಂಡು, ಪರವಾಗಿಲ್ಲ ಎಂದಳು.

ನಿನಗೆ ತಿನ್ನಬೇಕು ಅನ್ನಿಸಿದರೆ ಬಾ. ಮನೆಯ ಬಾಗಿಲು ತಟ್ಟಬೇಡ, ಬೀದಿಯ ಕಡೆಯಿಂದ ಮೇಜಿನ ಹತ್ತಿರ ಬಾ. ಹೆಂಗಸರು ನಿಂತಿರುತ್ತಾರೆ. ಅವರ ಹಿಂದೆ ಸಾಲಿನಲ್ಲಿ ನಿಲ್ಲು. ನಿನ್ನ ಸರದಿ ಬಂದಾಗ ಕೊಡುತ್ತೇನೆ.

ಬೋರಮ್ಮನ ಮಗಳು,
ಪ್ರತಿಮಾ